ರಜಿಯಾ ಚಾಚಿಯ ಬೆರಳು ಮತ್ತು ಮುಕಾದಮನಿಲ್ಲದ ಕಾರ್ಖಾನೆ

ಒಂದು ನಿಮಿಷ ನಿಲ್ಲಿ, ಪುಟ ತಿರುಗಿಸಬೇಡಿ. ಪ್ರೋಟೀನು ಎಂದ ಕೂಡಲೇ ಮೊಟ್ಟೆ, ಬೇಳೆ, ಜಿಮ್ಮಿಗೆ ಹೋಗುವವರ ದೊಡ್ಡ ಡಬ್ಬಿ ನೆನಪಾಗಿ ಆಕಳಿಸುವವರು ಇರುತ್ತಾರೆ, ನನಗೆ ಗೊತ್ತು. ಅದರ ಸುದ್ದಿಗೆ ನಾನು ಹೋಗುವುದಿಲ್ಲ. ಒಂದು ಇಸ್ತ್ರಿಪೆಟ್ಟಿಗೆ, ಒಂದು ಅರ್ಧ ಜಡೆ ಮತ್ತು ನನ್ನ ಅರ್ಧ ಜ್ಞಾನ ಸೇರಿಕೊಂಡು ನಮ್ಮ ಓಣಿಯ ಅತ್ಯಂತ ನಂಬಿಕಸ್ಥ ಬೆರಳುಗಳನ್ನು ಹತ್ತು ದಿನ ಹೇಗೆ ಸುಮ್ಮನೆ ಕೂರಿಸಿದವು ಎಂಬ ಕಥೆ ಇದು. ಸ್ವಲ್ಪ ಉದ್ದ ಇದೆ, ಕೂತು ಕೇಳಿ.

ಇವತ್ತು ಬೆಳಿಗ್ಗೆ ಚಹಾಕ್ಕೆ ಗ್ಯಾಸ್ ಹಚ್ಚುವಾಗ ನನ್ನ ಮುಂದಲೆಯ ನಾಲ್ಕು ಕೂದಲು ಬೆಂಕಿಗೆ ತಾಗಿ ಚುರ್ ಎಂದವು. ಆ ವಾಸನೆ ನಿಮಗೂ ಗೊತ್ತಿರುತ್ತದೆ, ಮರೆಯುವಂಥದ್ದಲ್ಲ. ಪಡಸಾಲೆಯಲ್ಲಿದ್ದ ಅವ್ವ ತಲೆ ಎತ್ತದೆ ಕೇಳಿದಳು, "ಯಾರದ ಸುಟ್ಟಿತು?" ಬೇರೆಯವರ ಮನೆಯಲ್ಲಿ ಏನು ಸುಟ್ಟಿತು ಎಂದು ಕೇಳುತ್ತಾರೆ. ನಮ್ಮಲ್ಲಿ ಯಾರದು ಎಂಬುದೇ ಮೊದಲ ಪ್ರಶ್ನೆ, ಏಕೆಂದರೆ ನಮ್ಮ ಪಡಸಾಲೆಯಲ್ಲಿ ನಮ್ಮ ಕೂದಲಿಗಿಂತ ಊರವರ ಕೂದಲೇ ಹೆಚ್ಚು.

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ನಮ್ಮದು. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹಳ್ಳಿಗಳಲ್ಲಿ "ಕೂದಲ ಕೊಡ್ರಿ, ಬಾಂಡೆ ತಗೊಳ್ರಿ" ಎಂದು ಕೂಗುತ್ತಾ ಹೋಗುವವರನ್ನು ನೋಡಿದ್ದೀರಲ್ಲ? ಹೆಂಗಸರು ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ಅದನ್ನು ಕೊಟ್ಟು ಒಂದು ಪಾತ್ರೆಯನ್ನೋ ಪ್ಲಾಸ್ಟಿಕ್ ಬುಟ್ಟಿಯನ್ನೋ ತೆಗೆದುಕೊಳ್ಳುತ್ತಾರೆ. ಆ ಉಂಡೆಗಳು ಕೊನೆಗೆ ಬಂದು ಬೀಳುವುದು ನಮ್ಮ ಓಣಿಗೆ. ಇಲ್ಲಿನ ಹೆಂಗಸರು ಮನೆಯಲ್ಲೇ ಕೂತು ಅದರ ಸಿಕ್ಕು ಬಿಡಿಸಿ, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಬಾಚಿ, ನೇರವೋ ಗುಂಗುರೋ, ಉದ್ದ ಎಷ್ಟು ಎಂದು ನೋಡಿ ಕಟ್ಟು ಕಟ್ಟುತ್ತಾರೆ. ಆಮೇಲೆ ಸಾಹುಕಾರರ ಗೋದಾಮಿನಲ್ಲಿ ತೊಳೆದು ಒಣಗಿಸಿ ದೂರದೂರಿಗೆ ಕಳಿಸುತ್ತಾರೆ. ಕೆಲವೊಮ್ಮೆ ಕತ್ತರಿಸಿದ ಇಡೀ ಜಡೆಯೇ ಬರುತ್ತದೆ. ಒಂದೇ ತಲೆಯ ಜಡೆ ಎಂದರೆ ನಮ್ಮಲ್ಲಿ ಅದಕ್ಕೆ ಬೇರೆಯೇ ಮರ್ಯಾದೆ.

ಈ ಕೆಲಸದಲ್ಲಿ ನಮ್ಮ ಪಕ್ಕದ ಮನೆಯ ರಜಿಯಾ ಚಾಚಿಯನ್ನು ಮೀರಿಸುವವರಿಲ್ಲ. ಚಾಚಿ ಟಿವಿ ನೋಡುತ್ತಾ ಕೂದಲು ಬೇರೆ ಮಾಡುತ್ತಾರೆ. ಧಾರಾವಾಹಿಯ ಅತ್ತೆಯನ್ನು ಬೈಯುತ್ತಿರುತ್ತಾರೆ, ಕೈ ತನ್ನಷ್ಟಕ್ಕೆ ತಾನು ನೇರದ್ದನ್ನು ಎಡಕ್ಕೆ, ಗುಂಗುರನ್ನು ಬಲಕ್ಕೆ ಹಾಕುತ್ತಿರುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಎಳೆ ಸಣ್ಣಗೆ ಹೊರಳಿದರೆ ಸಾಕು. ಬೇರೆ ಹೆಂಗಸರ ಕಟ್ಟುಗಳನ್ನು ಗೋದಾಮಿನಲ್ಲಿ ಬಿಚ್ಚಿ, ಝಾಡಿಸಿ ನೋಡುತ್ತಿದ್ದರು. ಚಾಚಿಯ ಕಟ್ಟನ್ನು ಬಿಚ್ಚುತ್ತಿರಲಿಲ್ಲ. ಚಾಚಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ. ಒಮ್ಮೆ ನಾವೆಲ್ಲ ಸಾಣಾಪುರದ ಕೆರೆ ನೋಡಲು ಹೋಗಿದ್ದೆವು. ಎಲ್ಲರೂ ನೀರು ನೋಡಿದರು. ಚಾಚಿ ಅಲ್ಲಿಗೆ ಬಂದಿದ್ದ ವಿದೇಶಿ ಹುಡುಗಿಯೊಬ್ಬಳ ಬೆನ್ನ ಹಿಂದೆ ನಿಂತು, ಅವಳಿಗೆ ಗೊತ್ತಾಗದಂತೆ ಜಡೆಯ ತುದಿ ಮುಟ್ಟಿ ನನ್ನ ಕಿವಿಯಲ್ಲಿ ಹೇಳಿದರು, "ಹುಟ್ಟಾ ಗುಂಗುರ ಅಲ್ಲ ಬೇಟಾ, ಮಾಡಿಸ್ಯಾಳ."

ಇನ್ನು ನನ್ನ ಸುದ್ದಿ. ನಾನು ಓದಿದ್ದು ಬಿ.ಕಾಂ. ಕೆಲಸ ಝೆರಾಕ್ಸ್ ಅಂಗಡಿಯಲ್ಲಿ. ನಾಲ್ಕು ವರ್ಷದ ಹಿಂದೆ ಒಬ್ಬರು ರದ್ದಿಗೆ ಹಾಕಲು ತಂದಿದ್ದ ಪಿಯುಸಿ ಜೀವಶಾಸ್ತ್ರದ ಪುಸ್ತಕ ನನ್ನ ಕೈಗೆ ಬಿತ್ತು. ಮುಖಪುಟ ಇರಲಿಲ್ಲ. ಬೇಸರ ಕಳೆಯಲು ತೆರೆದವಳು ಎರಡು ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಓದಿದೆ. ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್ಎ ಎಂಬ ಉದ್ದನೆಯ ಬರಹ ಇದೆಯಂತೆ. ಮೂಲ ಪ್ರತಿ ಒಳಗಿನ ಕೋಣೆಯಲ್ಲೇ ಇರುತ್ತದೆ, ಬೇಕಾದ ಭಾಗದ ನಕಲು ಮಾತ್ರ ಹೊರಗೆ ಬರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಕೂತವಳಿಗೆ ಇದಕ್ಕಿಂತ ಮನಸ್ಸಿಗೆ ಹತ್ತಿರದ ಮಾತು ಏನಿದೆ ಹೇಳಿ. ಹೊರಬಂದ ನಕಲನ್ನು ರೈಬೋಸೋಮ್ ಎಂಬ ಸಣ್ಣ ಯಂತ್ರ ಮೂರು ಮೂರು ಅಕ್ಷರವಾಗಿ ಓದಿ, ಒಂದೊಂದು ಗುಂಪಿಗೆ ಒಂದೊಂದು ಅಮೈನೋ ಆಮ್ಲ ಜೋಡಿಸುತ್ತಾ ಸರ ಪೋಣಿಸುತ್ತದೆ. ಆ ಸರ ತಾನಾಗಿ ಸುರುಳಿಯಾಗಿ, ಮಡಚಿಕೊಂಡು, ಒಂದು ಆಕಾರಕ್ಕೆ ಬಂದು ಕೂರುತ್ತದೆ. ಆಕಾರ ಬಂದ ಮೇಲೆಯೇ ಅದು ಕೆಲಸಕ್ಕೆ ಬರುವ ಪ್ರೋಟೀನು. ಮಡಚಲು ಕೈ ಹಿಡಿಯುವ ಬೇರೆ ಪ್ರೋಟೀನುಗಳೂ ಇವೆ. ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಪುಸ್ತಕದಲ್ಲಿ ತಿಳಿಯದ್ದನ್ನು ಮೊಬೈಲಿನಲ್ಲಿ ನೋಡಿದೆ, ಮೊಬೈಲಿನಲ್ಲಿ ತಿಳಿಯದ್ದನ್ನು ತಿಳಿಯಿತು ಎಂದುಕೊಂಡೆ.

ಹಾಗೆ ನೋಡುತ್ತಿರುವಾಗ ಕೂದಲಿನ ಪಾಠ ಬಂತು. ಕೂದಲೆಂದರೆ ಹೆಚ್ಚುಕಡಿಮೆ ಎಲ್ಲವೂ ಕೆರಟಿನ್ ಎಂಬ ಪ್ರೋಟೀನೇ. ಸರಗಳು ಸುರುಳಿಯಾಗಿ, ಎರಡೆರಡು ಸುರುಳಿ ಹಗ್ಗದಂತೆ ಹೆಣೆದುಕೊಂಡು, ಅಂಥ ಹಗ್ಗಗಳೇ ಕಟ್ಟುಕಟ್ಟಾಗಿ ಸೇರಿ ಒಂದು ಎಳೆ ಆಗುತ್ತದೆ. ಇದನ್ನು ಬಿಗಿ ಹಿಡಿಯಲು ಎರಡು ನಮೂನೆಯ ಗಂಟುಗಳಿವೆ. ಒಂದು ಗಂಧಕದ ಗಟ್ಟಿ ಗಂಟು. ಸುಟ್ಟಾಗ ಬರುವ ಕೆಟ್ಟ ವಾಸನೆಯಲ್ಲಿ ಆ ಗಂಧಕದ ಪಾಲು ದೊಡ್ಡದು. ಇನ್ನೊಂದು ಸಡಿಲ ಗಂಟು, ನೀರಿಗೆ ಬಿಚ್ಚುತ್ತದೆ, ಒಣಗಿದಾಗ ಇದ್ದ ಹಾಗೇ ಕಟ್ಟಿಕೊಳ್ಳುತ್ತದೆ. ಗುಂಗುರು ಕೂದಲನ್ನು ಒದ್ದೆ ಮಾಡಿ ಬಿಸಿಯಲ್ಲಿ ಎಳೆದರೆ ಸಡಿಲ ಗಂಟು ಹೊಸ ಜಾಗದಲ್ಲಿ ಕಟ್ಟಿ ನೇರ ನಿಲ್ಲುತ್ತದಂತೆ. ಮೊಬೈಲಿನಲ್ಲಿ ಇದನ್ನು ತೋರಿಸಿದ ಹುಡುಗಿಗೆ ಒಂದೇ ತಲೆ ಇತ್ತು. ನನ್ನ ಮುಂದೆ ಚೀಲಗಟ್ಟಲೆ ಕೂದಲು ಬಿದ್ದಿತ್ತು.

ಮೂರು ವರ್ಷದ ಹಿಂದಿನ ಏಪ್ರಿಲ್ ತಿಂಗಳು, ಒಣ ಬಿಸಿಲು. ಚಾಚಿ ತಂಗಿಯ ಮನೆಗೆಂದು ಇರಕಲ್ಲಗಡಕ್ಕೆ ಹೋಗಿದ್ದರು. ಅವರ ಕಟ್ಟೆಯ ಚೀಲದಲ್ಲಿ ಒಂದು ಚೆಂದದ ಗುಂಗುರು ಜಡೆ ಇತ್ತು. ನಾನು ಅದರ ಅರ್ಧ ತೆಗೆದು, ನೀರು ಚಿಮುಕಿಸಿ, ಮೇಲೆ ಹಳೆಯ ಪಂಜೆ ಹಾಸಿ ಇಸ್ತ್ರಿ ಎಳೆದೆ. ಆಹಾ, ರೇಷ್ಮೆಯ ನೂಲಿನಂತೆ ನೇರ ಆಯಿತು. ಚಾಚಿ ಬಂದ ಮೇಲೆ ಅರ್ಧ ಗುಂಗುರು, ಅರ್ಧ ನೇರ ತೋರಿಸಿ ಬೆರಗು ಮಾಡಬೇಕೆಂದು ನಮ್ಮ ಪಡಸಾಲೆಯ ಚಾಪೆಯ ಮೇಲೆ ಎರಡನ್ನೂ ಇಟ್ಟೆ. ಅಷ್ಟರಲ್ಲಿ ಗಂಗಾವತಿಯಿಂದ ಸೋದರಮಾವ ಬಂದರು, ಅವರ ಮನೆಯ ತೊಟ್ಟಿಲ ಕಾರ್ಯಕ್ಕೆ ನಾನು ಬಸ್ ಹತ್ತಿಬಿಟ್ಟೆ. ಹಿಂದಿನಿಂದ ಅವ್ವ ಕಸ ಹೊಡೆಯುವಾಗ, ನೇರ ಕಂಡದ್ದನ್ನು ಚಾಚಿಯ ನೇರದ ಗುಡ್ಡೆಗೆ, ಗುಂಗುರನ್ನು ಗುಂಗುರಿನ ಗುಡ್ಡೆಗೆ ಹಾಕಿದಳು. ಚಾಚಿ ಮರಳಿ ಬಂದು ಬೆರಳಾಡಿಸಿದರು. ನೇರವೇ ಇತ್ತು. ಕಟ್ಟು ಕಟ್ಟಿ ಕಳಿಸಿದರು.

ಮೂರನೆಯ ದಿನ ನಾನು ಊರಿಗೆ ಬರುವಷ್ಟರಲ್ಲಿ ಗೋದಾಮಿನಲ್ಲಿ ಆ ಕಟ್ಟುಗಳನ್ನು ತೊಳೆದಾಗಿತ್ತು. ನೀರು ಬಿದ್ದ ಕೂಡಲೇ ನನ್ನ ಇಸ್ತ್ರಿ ಬಿಟ್ಟುಹೋಗಿ, ನೇರ ಕಟ್ಟಿನ ನಟ್ಟನಡುವೆ ಒಂದು ಹಿಡಿ ಕೂದಲು ಸುರುಳಿ ಸುತ್ತಿ ಎದ್ದು ನಿಂತಿತ್ತಂತೆ. ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚಾಚಿ ಜಗಳ ಆಡುತ್ತಿದ್ದರು. ಅವರು ಮೆಲ್ಲಗೆ, "ಚಾಚಿ, ಇನ್ ಮ್ಯಾಲ ನಿನ್ನ ಕಟ್ಟೂ ಬಿಚ್ಚಿ ನೋಡ್ತೇವಿ. ವಯಸ್ಸಾತಲ್ಲ, ಬೆರಳಿಗೂ ಆಗತೈತಿ," ಎಂದರಂತೆ.

ಚಾಚಿ ಮನೆಗೆ ಬಂದು ಮೊಳೆಯ ಹಲಗೆಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರು. ಅವ್ವನಿಗೆ, "ಇನ್ನ ನೀನ ಮಾಡವಾ. ನನಗ ತಿಳಿವಲ್ದು," ಎಂದರು. ಅವ್ವ ಇದನ್ನು ಹೇಳಿದಾಗ ನನಗೆ ಇಸ್ತ್ರಿ ನೆನಪಾಯಿತು. ಇದು ನನ್ನ ಕೆಲಸ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹತ್ತು ದಿನ ಕಳೆದೆ. ಪ್ರೋಟೀನಿನ ಬಗ್ಗೆ ಕೇಳದವರಿಗೂ ಹೇಳುವ ನನ್ನ ಬಾಯಿ ಆಗ ಮಾತ್ರ ಹೊಲಿದ ಹಾಗಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ಅವರ ಕಟ್ಟೆಗೆ ಹೋದೆ. ಚಾಚಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕನ್ನಡಕ ಹಾಕಿಕೊಂಡು, ಒಂದೊಂದೇ ಕಾಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಲು ಹರಟೆ ಹೊಡೆಯುತ್ತಲೇ ಸೇರು ಅಕ್ಕಿಯ ಹರಳು ತೆಗೆಯುತ್ತಿದ್ದವರು. ನನಗೆ ನೇರವಾಗಿ ಹೇಳುವ ಧೈರ್ಯ ಬರದೆ, ಬಹಳ ದೂರದಿಂದ ಶುರು ಮಾಡಿದೆ.

"ಚಾಚಿ, ನಮ್ಮ ಒಂದೊಂದು ಕೂದಲ ಬುಡದಾಗ ಒಂದು ಕಾರ್ಖಾನಿ ಐತಿ."

"ಹೂಂ."

"ಅಲ್ಲಿ ಸಣ್ಣ ಸಣ್ಣ ಕೋಶ ಇರ್ತಾವ. ಒಂದೊಂದರಾಗೂ ಒಂದು ದೊಡ್ಡ ಪುಸ್ತಕ. ಬೇಕಾದ ಪುಟಾ ಅಷ್ಟ ಚೀಟಿ ಮ್ಯಾಲ ನಕಲಾಗಿ ಹೊರಗ ಬರತೈತಿ. ಆ ಚೀಟಿ ನೋಡಿ ಮಣಿ ಪೋಣಿಸಿದಂಗ ಸರಾ ಮಾಡತಾವ."

"ಮಣಿ ಎಷ್ಟ ನಮೂನಿ?"

"ಇಪ್ಪತ್ತು."

"ಇಷ್ಟ ದೊಡ್ಡ ಮೈಯಿಗೆ ಬರೇ ಇಪ್ಪತ್ತು? ಬಜಾರದ ಮಣಿ ಅಂಗಡ್ಯಾಗ ಇದಕ್ಕಿಂತ ಹೆಚ್ಚದಾವ." ಚಾಚಿ ಒಂದು ಹರಳು ತೆಗೆದು ಹೊರಗೆ ಎಸೆದರು. "ಇರಲಿ. ಅಲ್ಲಿ ಮುಕಾದಮ ಯಾರು?"

ಗೋದಾಮಿನಲ್ಲಿ ಯಾರು ಏನು ಮಾಡಬೇಕೆಂದು ನಿಂತು ಹೇಳುವವನಿಗೆ ನಾವು ಮುಕಾದಮ ಎನ್ನುತ್ತೇವೆ. ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ. ನಾನು ಸ್ವಲ್ಪ ತಡವರಿಸಿ ಹೇಳಿದೆ, "ಮುಕಾದಮ ಇಲ್ಲ ಚಾಚಿ."

"ಸುಳ್ಳ ಹೇಳಬ್ಯಾಡ. ಇಪ್ಪತ್ತ ಮಂದಿ ಕುಂತಲ್ಲಿ ಮುಕಾದಮ ಇಲ್ಲಂದ್ರ ಕೂದಲ ಬಿಟ್ಟು ಮಂದಿ ಮನೀ ಸುದ್ದಿ ಬಿಡಸ್ತಾರ."

"ಖರೇನ ಇಲ್ಲ. ಬೇಕು ಅಂತ ಸುದ್ದಿ ಬಂದಾಗ ಆ ಪುಟಾ ತೆರಿತೈತಿ, ಸಾಕು ಅಂದಾಗ ಮುಚ್ಚತೈತಿ. ತೆರಿಯೂವು, ಮುಚ್ಚೂವು ಅವೂ ಪ್ರೋಟೀನ. ತಮ್ಮೊಳಗ ತಾವ ಒಂದನ್ನೊಂದು ಹಿಡಕೊಂಡು ನಡಸ್ತಾವ. ತಪ್ಪ ಮಡಚಿದ್ದನ್ನ ಬಿಚ್ಚಿ ಮಣಿ ಬ್ಯಾರೆ ಮಾಡಿ ಮತ್ತ ಉಪಯೋಗ ಮಾಡ್ಕೋತಾವ. ಅಂಗೈಯಾಗಿನ ಕೋಶದಾಗೂ ಅದ ಪುಸ್ತಕ ಐತಿ, ಆದ್ರ ಅಲ್ಲಿ ಕೂದಲಿನ ಪುಟಾ ಮುಚ್ಚೈತಿ. ಅದಕ್ಕ ಅಂಗೈಯಾಗ ಕೂದಲ ಬರಂಗಿಲ್ಲ."

"ಅಲ್ಲಾನ ಮೆಹರಬಾನಿ. ಇಲ್ಲಾಂದ್ರ ಅದನ್ನೂ ಬಾಚಬೇಕಿತ್ತು." ಚಾಚಿ ಹತ್ತು ದಿನದಲ್ಲಿ ಮೊದಲ ಸಲ ನಕ್ಕರು. ಆಮೇಲೆ ತಮ್ಮ ಬೆರಳ ತುದಿ ನೋಡಿಕೊಂಡು ಕೇಳಿದರು, "ಮತ್ತ ಜಡ್ಡಾದಾಗ? ಆಗ ಕಾರ್ಖಾನಿ ನಡೀತೈತೋ, ನಿಂದರತೈತೋ?"

ಜಡ್ಡು ಎಂದರೆ ಕಾಯಿಲೆ. ನನಗೆ ಸರಿಯಾಗಿ ಗೊತ್ತಿರಲಿಲ್ಲ. "ನಿಧಾನ ಆಗಬಹುದು," ಎಂದೆ. ಅವರು ಹೂಂ ಎಂದರು. ನಾನು ಗಂಧಕದ ಗಂಟು, ನೀರಿಗೆ ಬಿಚ್ಚುವ ಗಂಟು, ಬಿಸಿಗೆ ನೇರವಾಗುವುದು, ಒದ್ದೆಯಾದರೆ ಮತ್ತೆ ಹುಟ್ಟಿದ ಆಕಾರಕ್ಕೆ ಬರುವುದು, ಎಲ್ಲ ಹೇಳುತ್ತಾ ಹೋದೆ. ಚಾಚಿ ಮೊರ ಕೆಳಗಿಟ್ಟರು.

"ನೀ ಸುತ್ತಿ ಸುತ್ತಿ ಎಲ್ಲಿಗೆ ಹೊಂಟೀದಿ ಬೇಟಾ?"

"ಆ ಕಟ್ಟಿನಾಗಿನ ಕೂದಲಕ್ಕ ನಾನ ಇಸ್ತ್ರಿ ಹೊಡದಿದ್ದೆ ಚಾಚಿ. ಅರ್ಧ ಜಡಿಗೆ. ನಿಮಗ ತೋರಸಬೇಕಂತ. ನಿಮ್ಮ ಬೆರಳು ತಪ್ಪಿಲ್ಲ. ನೀವು ಮುಟ್ಟಿದಾಗ ಅದು ನೇರನ ಇತ್ತು."

ಅವರು ಕನ್ನಡಕ ತೆಗೆದರು. ಅದನ್ನು ಅಕ್ಕಿಯ ಮೇಲೆ ಇಟ್ಟರು. ಆಮೇಲೆ, "ಹತ್ತ ದಿನಾ," ಎಂದರು. "ಹತ್ತ ದಿನಾ ನಾ ಈ ಅಕ್ಕೀ ಕಾಳ ಒಂದೊಂದ ಕಣ್ಣಿಗೆ ಹಿಡದು ನೋಡಾಕತ್ತೀನಿ. ನನ್ನ ಬೆರಳ ಸತ್ತುವು ಅಂತ."

ನನಗೆ ಅಳು ಬಂತು. ಅವರು ಎದ್ದು ಸೆರಗು ಸರಿ ಮಾಡಿಕೊಂಡರು. "ಅಳಬ್ಯಾಡ. ಚಪ್ಪಲಿ ಹಾಕ್ಕೊ. ನನಗ ಹೇಳಿದ್ದನ್ನ ಅಲ್ಲಿ ಹೇಳು."

ಗೋದಾಮಿನಲ್ಲಿ ನಾನು ಸಾಹುಕಾರರ ಮುಂದೆ ನಿಂತು, ಪುಸ್ತಕ, ಚೀಟಿ, ಮಣಿಸರ, ಗಂಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೂದಲು ತೊಳೆಯುತ್ತಿದ್ದವರು ಕೆಲಸ ಬಿಟ್ಟು ಬಂದು ಕೇಳಿದರು. ಅಲ್ಲೇ ಇದ್ದ ಗುಂಗುರಿನ ಒಂದು ಎಳೆ ಒದ್ದೆ ಮಾಡಿ ತೋರಿಸಿದೆ, ಸುರುಳಿ ಆಯಿತು. ಸಾಹುಕಾರರು ಸಮಾಧಾನದ ಮನುಷ್ಯ. ಪೂರ್ತಿ ಕೇಳಿ ನಕ್ಕರು.

"ತಂಗಿ, ಗುಂಗುರ ಕೂದಲ ಒದ್ದಿ ಮಾಡಿದ್ರ ಸುರುಳಿ ಆಗತೈತಿ, ಇದನ್ನ ಹೇಳಾಕ ಇಷ್ಟ ದೂರ ಬಂದಿ? ಚಾಚಿ ಮ್ಯಾಲ ನಿನಗ ಜೀವ ಐತಿ, ಅದಕ್ಕ ತಪ್ಪ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತೀ. ಛಲೋ ಹುಡುಗಿ ಅದಿ. ಹೋಗು ಮನೀಗೆ."

ನಿಜ ಹೇಳಲು ಹತ್ತು ದಿನ ತೆಗೆದುಕೊಂಡವಳಿಗೆ, ಹೇಳಿದ ಮೇಲೆ ಯಾರೂ ನಂಬದಿದ್ದರೆ ಹೇಗಾಗುತ್ತದೆಂದು ಊಹಿಸಿಕೊಳ್ಳಿ. ನನ್ನ ಬಳಿ ಇದ್ದ ಜ್ಞಾನವೆಲ್ಲ ಖಾಲಿಯಾಗಿತ್ತು. ಚಾಚಿ ಮಾತ್ರ ನನ್ನ ಮಾತು ಮುಗಿಯುವುದನ್ನೇ ಕಾಯುತ್ತಿದ್ದಂತೆ ಮುಂದೆ ಬಂದರು.

"ಸಾಹುಕಾರ್ರ, ಆ ಹಿಡಿ ಕೂದಲ ಎಲ್ಲೈತಿ?"

ಬೇರೆ ತೆಗೆದು ಇಟ್ಟಿದ್ದನ್ನು ತಂದುಕೊಟ್ಟರು. ಚಾಚಿ ಅದರ ಕತ್ತರಿಸಿದ ತುದಿ ಸಮ ಮಾಡಿಕೊಂಡು, ಅಲ್ಲಿಂದ ಕೆಳಕ್ಕೆ ಎಳೆ ಎಳೆಯಾಗಿ ಹೊರಳಿಸುತ್ತಾ ಬಂದರು. ಒಂದು ಕಡೆ ನಿಂತರು. ಆ ಜಾಗದವರೆಗೆ ಬೆರಳು ಇಟ್ಟು ಅಳೆದರು, ಎಂಟು ಬೆರಳು. "ಇಲ್ಲಿ ಸಣ್ಣಾಗೇತಿ," ಎಂದರು. "ಎಲ್ಲಾ ಎಳೀದೂ ಅಲ್ಲ, ಭಾಳ ಎಳೀದು. ಈ ಹೆಣ್ಮಗಳು ಜಡಿ ಕೊಯ್ಸೂಕಿಂತ ವರ್ಷದ ಹಿಂದ ದೊಡ್ಡ ಜಡ್ಡಾಗಿ ಎದ್ದಾಳ. ಎಂಟ ಬೆರಳ ಅಂದ್ರ ಒಂದ ವರ್ಷದ ಕೂದಲ. ಈಗ ಗುಂಗುರದ ಕಟ್ಟ ತರ್ರಿ. ಇದರ ಜೋಡಿ ಅದರಾಗಿದ್ರ ಅದಕ್ಕೂ ಎಂಟರ ಮ್ಯಾಲ ಸಣ್ಣ ಆಗಿರಬೇಕು."

ಗುಂಗುರಿನ ಕಟ್ಟುಗಳನ್ನು ಮುಂದೆ ಸುರಿದರು. ಚಾಚಿ ನೆಲದ ಮೇಲೆ ಕೂತು, ನಮ್ಮ ಯಾರ ಕಡೆಗೂ ನೋಡದೆ, ಎದುರಿನ ಗೋಡೆಯನ್ನು ನೋಡುತ್ತಾ ಒಂದೊಂದನ್ನೇ ಬೆರಳಿಗೆ ಕೊಟ್ಟರು. ಒಂದು, ಎರಡು, ಐದು, ಒಂಬತ್ತು. ಪ್ರತಿಯೊಂದನ್ನೂ ನೋಡಿ ಬದಿಗಿಟ್ಟರು. ಹನ್ನೆರಡನೆಯ ಕಟ್ಟಿನ ಮಧ್ಯದಲ್ಲಿ ಕೈ ನಿಂತಿತು. ಒಂದು ಹಿಡಿ ಎಳೆದು ತೆಗೆದು, ಮೊದಲಿನದರ ಪಕ್ಕದಲ್ಲಿ ತುದಿಗೆ ತುದಿ ಸೇರಿಸಿ ಸಾಹುಕಾರರ ಕೈಗೆ ಕೊಟ್ಟರು.

ಸಾಹುಕಾರರಿಗೂ ಈ ಕಸುಬು ಹೊಸದಲ್ಲ. ಕಣ್ಣು ಮುಚ್ಚಿ ಹೊರಳಿಸಿದರು. ಮತ್ತೊಮ್ಮೆ ಹೊರಳಿಸಿದರು. "ಒಂದ ತಲಿ," ಎಂದರು. "ಅರ್ಧಾ ಗುಂಗುರ ಅಂತ ಹಿಡದ ಬೆರಳು ಅದರ ಇನ್ನರ್ಧಾ ನೇರ ಅನ್ನಂಗಿಲ್ಲ. ಹುಡುಗಿ ಹೇಳಿದ್ದು ಖರೇ." ಎರಡೂ ಹಿಡಿ ಚಾಚಿಗೆ ಮರಳಿ ಕೊಡುತ್ತಾ, "ಮುಕಾದಮಗ ಹೇಳ್ತೀನಿ ಚಾಚಿ. ನಿನ್ನ ಕಟ್ಟ ಬಿಚ್ಚೂದು ಬ್ಯಾಡ," ಎಂದರು.

"ಬಿಚ್ಚರಿ," ಎಂದರು ಚಾಚಿ. "ಇಸ್ತ್ರಿ ಹೊಡದದ್ದು ನನಗ ತಿಳೀಲಿಲ್ಲಲ್ಲ, ಅದನ್ನ ಕಲಿಯೂ ತನಕ ಬಿಚ್ಚರಿ."

ಕಲಿಯಲು ಅವರಿಗೆ ಎರಡು ವಾರ ಬೇಕಾಯಿತು. ನಾನು ಇಸ್ತ್ರಿ ಹೊಡೆದ ಎಳೆಗಳನ್ನು ಬೇರೆಯವುಗಳಲ್ಲಿ ಬೆರೆಸಿ ಕೊಡುವುದು, ಅವರು ಆರಿಸುವುದು. ಕೊನೆಗೆ ಪಕ್ಕದಲ್ಲಿ ಒಂದು ಬಟ್ಟಲು ನೀರು ಇಟ್ಟುಕೊಂಡು, ಅನುಮಾನ ಬಂದ ಎಳೆಗೆ ಒದ್ದೆ ಬೆರಳು ಸವರುವ ರೂಢಿ ಮಾಡಿಕೊಂಡರು. ಈಗ ನಮ್ಮ ಓಣಿಯಲ್ಲಿ ಎಲ್ಲ ಹೆಂಗಸರ ಪಕ್ಕದಲ್ಲೂ ಆ ಬಟ್ಟಲು ಇರುತ್ತದೆ. ಇದು ನನ್ನಿಂದ ಆದದ್ದು ಎಂದು ನಾನು ಹೇಳಿಕೊಳ್ಳುವುದಿಲ್ಲ, ಅವ್ವ ಮಾತ್ರ ಬಂದವರಿಗೆಲ್ಲ ಹೇಳುತ್ತಾಳೆ, ಅದೂ ಬೈಗುಳದ ಜೊತೆಗೆ.

ಆ ಸಣ್ಣ ಜಾಗದ ವಿಷಯ ನನ್ನ ಪುಸ್ತಕದಲ್ಲಿ ಇರಲಿಲ್ಲ. ಆಮೇಲೆ ಹುಡುಕಿ ನೋಡಿದರೆ ನಿಜವೇ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಕೂದಲ ಬುಡದ ಕೋಶಗಳು ಕೆಲಸ ನಿಧಾನ ಮಾಡುತ್ತವೆ, ಆ ದಿನಗಳ ಎಳೆ ತೆಳ್ಳಗೆ ಬರುತ್ತದೆ, ಮೈ ಚೇತರಿಸಿಕೊಂಡ ಮೇಲೆ ಮತ್ತೆ ದಪ್ಪವಾಗುತ್ತದೆ. ಚಾಚಿ ಇಷ್ಟು ವರ್ಷ ಅದನ್ನು ಬೆರಳಿನಲ್ಲಿ ಓದುತ್ತಿದ್ದರು, ಹೆಸರು ಮಾತ್ರ ಇಟ್ಟಿರಲಿಲ್ಲ. ಅಂದಿನಿಂದ ನಾನು ಯಾರಿಗಾದರೂ ಏನಾದರೂ ವಿವರಿಸುವ ಮೊದಲು, ನಿಮಗೆ ಇದರ ಬಗ್ಗೆ ಏನು ಗೊತ್ತು ಎಂದು ಕೇಳುವುದನ್ನು ಕಲಿತೆ. ಬಹಳ ಸಲ ವಿವರಿಸುವ ಕೆಲಸವೇ ತಪ್ಪುತ್ತದೆ.

ಹೋದ ಭಾನುವಾರ ಚಾಚಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಹಚ್ಚಿ ಮುಗಿಸಿ, ಜಡೆ ಹಾಕದೆ, ಕೂದಲನ್ನು ಕೈಯಲ್ಲಿ ಹಿಡಿದು ಬುಡದಿಂದ ಬೆರಳು ಇಟ್ಟು ಅಳೆಯತೊಡಗಿದರು. ಎಂಟಾಯಿತು, ಹದಿನಾರಾಯಿತು. ಇಪ್ಪತ್ನಾಲ್ಕಕ್ಕೆ ನಿಂತರು.

"ಸಿಕ್ತು," ಎಂದರು.

"ಏನ್ ಸಿಕ್ತು ಚಾಚಿ?"

"ನಿನ್ನ ಆ ಹತ್ತ ದಿನಾ."

ಹತ್ತು ದಿನದಲ್ಲಿ ಬೆಳೆಯುವ ಕೂದಲು ಒಂದು ಅಕ್ಕಿಕಾಳಿನಷ್ಟೂ ಇರುವುದಿಲ್ಲ. ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಕೂದಲು ತೆಳ್ಳಗಾಗುತ್ತದೆಂದು ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಮೂರು ವರ್ಷದ ಹಿಂದೆ ಆಗಿದ್ದರೆ ಅಲ್ಲೇ ಪಾಠ ಶುರು ಮಾಡುತ್ತಿದ್ದೆ. ಈಗ ಸುಮ್ಮನೆ ಕೇಳಿದೆ, "ಹೆಂಗೈತಿ?"

"ಭಾಳ ಸಣ್ಣದೈತಿ." ಚಾಚಿ ಆ ಜಾಗದಿಂದ ನೆತ್ತಿಯವರೆಗೆ ನಿಧಾನವಾಗಿ ಬೆರಳು ಎಳೆದುಕೊಂಡು ಬಂದರು. "ಆದ್ರ ಅಲ್ಲಿಂದ ಈಚೀಗೆ ಗಟ್ಟಿ ಬೆಳದೈತಿ."

ಈಗ ನಿಮ್ಮ ಸರದಿ. ದೊಡ್ಡ ಜ್ವರದ ನಂತರ, ಹೆರಿಗೆಯ ನಂತರ ನಿಮ್ಮ ಕೂದಲು ಬದಲಾಗಿದೆಯೇ, ನೇರ ಇದ್ದದ್ದು ಗುಂಗುರಾಗಿದೆಯೇ? ನಿಮ್ಮ ಮನೆಯಲ್ಲಿ, ನಿಮ್ಮ ಕಸುಬಿನಲ್ಲಿ, ಹೀಗೆ ಬೆರಳಿನಿಂದಲೇ ಓದುವವರು ಯಾರಾದರೂ ಇದ್ದಾರೆಯೇ? ನಾಲ್ಕು ಸಾಲು ಬರೆದು ತಿಳಿಸಿ. ಚಾಚಿಗೆ ಓದಿ ಹೇಳುತ್ತೇನೆ, ಅವರು ಏನು ಹೇಳುತ್ತಾರೆಂದು ನನಗೂ ಕೇಳಬೇಕಿದೆ.